ಪದಚರ್ಚೆ: ಬಿಲ್ಲಿನ ‘ಬ್ಯಾಕಿಂಗ್’ಗೆ ‘ಬೆಂಬಲ’ ಸರಿಯೇ?

ಬಳಗದವರಿಗೆ ನಮಸ್ಕಾರ.

ಮನೆಯಲ್ಲೇ ಮರದ ಬಿಲ್ಲು ಮಾಡುವವರಿಗಾಗಿ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ‘ಡ್ಯೂರಬಲ್ ವುಡ್’ ಎಂಬುದಕ್ಕೆ ‘ಬಾಳಿಕೆಯ ಮರ’, ‘ಬ್ಯಾಕಿಂಗ್’ಗೆ (ಬಿಲ್ಲಿನ ಬೆನ್ನಿಗೆ ಅಂಟಿಸುವ ಪದರ) ‘ಬೆಂಬಲ’, ‘ಸಿನ್ಯೂ’ಗೆ (ಆ ಪದರಕ್ಕೆ ಬಳಸುವ ಪ್ರಾಣಿಯ ಗಟ್ಟಿ ನರ) ‘ಸ್ನಾಯು’ ಎಂದಿದೆ. ಮೂರೂ ಓದಲು ಸರಾಗ, ಆದರೆ ಉಳಿ ಹಿಡಿದವನಿಗೆ ದಾರಿ ತಪ್ಪಿಸಬಹುದೇನೋ. ಬಲ್ಲವರು ತಿಳಿಸಿ.

> ಬಾಳಿಕೆಯ ಮರ

ಮೂರರಲ್ಲಿ ಹೆಚ್ಚು ಕೆಡಿಸುವುದು ಇದೇ. ಮರದ ಡಿಪೋದಲ್ಲಿ ಬಾಳಿಕೆ ಎಂದರೆ ಗೆದ್ದಲು ಹತ್ತದ, ಲಡ್ಡಾಗದ ಗುಣ. ಬಿಲ್ಲಿಗೆ ಬೇಕಾದದ್ದು ಬೇರೆ: ಮತ್ತೆ ಮತ್ತೆ ಬಾಗಿದರೂ ಮೊದಲಿನ ರೂಪಕ್ಕೆ ಮರಳುವುದು. ಅಮೆರಿಕದ ಹಿಕರಿ ಮರ ಮಣ್ಣಿಗೆ ತಾಗಿದರೆ ಬೇಗ ಕೊಳೆಯುತ್ತದೆ, ಆದರೂ ಎಳೆತ ತಾಳುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ತೇಗ ತಲೆಮಾರುಗಟ್ಟಲೆ ಬಾಗಿಲಾಗಿ ನಿಲ್ಲುತ್ತದೆ, ಬಿಲ್ಲಿಗೆ ಮಾತ್ರ ಮೊದಲ ಆಯ್ಕೆಯಲ್ಲ. ಅಲ್ಲಿನದೇ ಇನ್ನೊಂದು ಮರ ಓಸೇಜ್ ಆರೆಂಜ್‌ನಲ್ಲಿ ಎರಡೂ ಗುಣ ಇವೆ. ಗೊಂದಲ ಹುಟ್ಟಿದ್ದು ಬಹುಶಃ ಅದರಿಂದಲೇ. ‘ಬಾಗಿ ತಾಳುವ ಮರ’ ಎನ್ನಿ. ನಮ್ಮ ಕಾಡಿನ ತಡಸಲು (ಕೆಲವೆಡೆ ದಡಸಲು) ಇದಕ್ಕೆ ಒಳ್ಳೆಯ ಉದಾಹರಣೆ. ಸಂಸ್ಕೃತದಲ್ಲಿ ಅದು ಧನ್ವನ, ಧನುರ್ವೃಕ್ಷ.

ಮರದ ಜಾತಿಗಿಂತ ಎಳೆ (ಮರದ ನಾರಿನ ಓಟ) ಮುಖ್ಯ ಎಂದೂ ಒಂದು ಸಾಲು ಸೇರಿಸಿ. ಎಳೆ ಒಂದು ಕೊಪ್ಪಿನಿಂದ (ಹೆದೆ ಸಿಕ್ಕಿಸುವ ತುದಿ) ಇನ್ನೊಂದು ಕೊಪ್ಪಿನವರೆಗೆ ತುಂಡಾಗದೆ ಓಡಬೇಕು. ಗರಗಸದಲ್ಲಿ ಕೊಯ್ದ ಹಲಗೆಯಲ್ಲಿ ಅದು ಹಲವು ಸಲ ಓರೆಯಾಗಿ ಅಂಚಿಗೆ ಹರಿದುಹೋಗಿರುತ್ತದೆ, ಸಿಬಿರು ಏಳುವುದು ಅಲ್ಲೇ. ದಿಮ್ಮಿಯನ್ನು ಬೆಣೆ ಹೊಡೆದು ಸೀಳಿದರೆ ಎಳೆಯ ದಾರಿ ತಾನಾಗಿ ಸಿಗುತ್ತದೆ.

> ಬೆಂಬಲ

ಬೆನ್ನು ಮತ್ತು ಬಲ ಸೇರಿದ ಪದವಾದರೂ ಇಂದು ಅದಕ್ಕೆ ಚುನಾವಣೆಯ ವಾಸನೆ. ಮೊದಲು ಬೆನ್ನು ಯಾವುದು, ಹೊಟ್ಟೆ ಯಾವುದು ಎಂದು ಬಿಡಿಸಿ ಹೇಳಬೇಕು. ಗುರಿಯ ಕಡೆಗಿರುವುದು ಬೆನ್ನು, ಎಳೆದಾಗ ಅದು ಹಿಗ್ಗುತ್ತದೆ. ಹೆದೆಯ ಕಡೆಗಿರುವುದು ಹೊಟ್ಟೆ, ಅದು ಒತ್ತಿಕೊಳ್ಳುತ್ತದೆ. ಬೆನ್ನಿಗೆ ಅಂಟಿಸುವ ಮರ ಅಥವಾ ಬಿದಿರಿನ ಪಟ್ಟಿಗೆ ‘ಬೆನ್ನುಪಟ್ಟಿ’ ಸಾಕು.

ಬಿದಿರಿನ ಬೆನ್ನುಪಟ್ಟಿ ನಡುವೆ ಸುಮಾರು 3 ಮಿ.ಮೀ. ದಪ್ಪವಿದ್ದು ಕೊಪ್ಪಿನ ಕಡೆಗೆ ತೆಳುವಾಗುತ್ತ ಹೋಗಲಿ. ತೋಪಡಾ ಹಾಕುವುದು ಒಳಮೈಗೆ ಮಾತ್ರ. ಹೊರಮೈಯಲ್ಲಿ ಮೇಣದಂಥ ಪದರ ಕೆರೆದರೆ ಸಾಕು. ಅತಿ ಗಟ್ಟಿ ನಾರು ಇರುವುದು ಅದರ ಕೆಳಗೇ. ಗೆಣ್ಣನ್ನು ನುಣುಪು ಮಾಡುವ ಆಸೆಗೆ ಪೂರಾ ಸವರಿದರೆ ಬಿಲ್ಲು ಮುರಿಯುವುದು ಆ ಗೆಣ್ಣಿನಲ್ಲೇ. ಎಣ್ಣೆ ಅಂಶದ ಮರಕ್ಕೆ ಅಂಟಿಸುವುದಾದರೆ ಮೈ ಗೀಚಿ, ಅಸಿಟೋನಿನಲ್ಲಿ ಒರೆಸಿ, ಒಣಗಿದ ಕೂಡಲೇ ಎಪಾಕ್ಸಿ ಹಚ್ಚಬೇಕು.

> ಸ್ನಾಯು

ಸಂಸ್ಕೃತದಲ್ಲಿ ಸ್ನಾಯು ಎಂದರೆ ಮೂಳೆ ಹಿಡಿದಿಡುವ ನರವೇ. ಆದರೆ ನಮ್ಮ ಶಾಲಾ ಪುಸ್ತಕಗಳಲ್ಲಿ ಅದು ಮಾಂಸಖಂಡವಾಗಿದೆ. ‘ಬಿಲ್ಲಿಗೆ ಸ್ನಾಯು ಅಂಟಿಸಿ’ ಎಂದರೆ ಓದುಗ ಮಾಂಸದಂಗಡಿಗೆ ಹೋಗಿ ಬೇರೇನನ್ನೋ ತರುತ್ತಾನೆ! ‘ಕಾಲಿನ ನರದ ಎಳೆ’ ಎಂದು ಬಿಡಿಸಿ ಬರೆಯಿರಿ. ಒಣಗಿದ ನರವನ್ನು ಜಜ್ಜಿ, ಎಳೆ ಬಿಡಿಸಿ, ಬೆಚ್ಚಗಿನ ಸರೇಸಿನಲ್ಲಿ (ತೊಗಲು ಕುದಿಸಿ ತೆಗೆದ ಅಂಟು) ಅದ್ದಿ ಸಾಲಾಗಿ ಕೂರಿಸುತ್ತಾರೆ. ಒಣಗುತ್ತ ಕುಗ್ಗಿ ಬಿಲ್ಲನ್ನು ಹಿಮ್ಮುಖವಾಗಿ ಎಳೆಯುತ್ತದೆ, ತಿಂಗಳಾದರೂ ಕಾಯಬೇಕು. ಕೊಂಬಿನ ಬಿಲ್ಲುಗಳಲ್ಲಿ ಬೆನ್ನಿಗೆ ನರ, ಒತ್ತಡ ತಾಳುವ ಕೊಂಬು ಹೊಟ್ಟೆಗೆ. ಶೃಂಗದಿಂದಾದದ್ದು ಶಾರ್ಙ್ಗ, ವಿಷ್ಣುವಿನ ಬಿಲ್ಲಿನ ಹೆಸರಲ್ಲೇ ಸಾಮಗ್ರಿ ಇದೆ.

*

ಮೇಲಿನವರ ಮಾತು ಒಪ್ಪಿದೆ, ಒಂದು ತಕರಾರು. ನರ, ಹಸಿದೊಗಲು, ರೇಷ್ಮೆ ಬಟ್ಟೆ ಇವು ಪಟ್ಟಿಯಲ್ಲ; ಇವಕ್ಕೆ ‘ಬೆನ್ನುಹೊದಿಕೆ’ ಇರಲಿ. ಪದ ಬೇರೆಯಾದರೆ ಕೆಲಸವೂ ಬೇರೆ ಎಂದು ತಿಳಿಯುತ್ತದೆ. ತೆಳು ಆಡಿನ ತೊಗಲು ಸಿಬಿರು ಏಳದಂತೆ ಹಿಡಿಯುತ್ತದೆ, ಬಿಲ್ಲಿನ ಬಿರುಸು ಹೆಚ್ಚಿಸುವುದಿಲ್ಲ. ಸರೇಸು, ತೊಗಲು ಎರಡೂ ತೇವ ಕುಡಿದು ಮೆತ್ತಗಾಗುವುದರಿಂದ ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಬಿದಿರೇ ವಾಸಿ.

‘ಕ್ರಿಸಲ್’ಗೂ ಒಂದು ಪದ ಬೇಕಾದೀತು. ಬಿದಿರಿನ ಬೆನ್ನುಪಟ್ಟಿಗೆ ಮೆದು ಮರದ ಹೊಟ್ಟೆ ಜೊತೆಯಾದರೆ ಬೆನ್ನು ಹಿಗ್ಗಲು ಒಪ್ಪುವುದಿಲ್ಲ, ಹೊಟ್ಟೆ ಸೋಲುತ್ತದೆ: ಎಳೆಗೆ ಅಡ್ಡಲಾಗಿ ಕೂದಲೆಳೆಯಂಥ ಗೆರೆ ಬೀಳುತ್ತದೆ, ಉಗುರು ಆಡಿಸಿದರೆ ತಡೆಯುತ್ತದೆ. ‘ಒತ್ತುಗೆರೆ’ ಎನ್ನಬಹುದು. ಅದು ಕಂಡ ಜಾಗವನ್ನು ಇನ್ನು ಕೆರೆಯಬಾರದು; ಎರಡೂ ಪಕ್ಕ ಕೆರೆದು ಬಾಗನ್ನು ಆಚೀಚೆ ಹಂಚಬೇಕು.