ಕಾಫಿ ಪುಡಿ ಪ್ಯಾಕೆಟ್ಟಿನ ಮೇಲಿನ ಮುಖವನ್ನು ಬೆಳ್ಳಗೆ ಮಾಡಬೇಕೇ?

ಅಚ್ಚುಮನೆ, ಚಿಕ್ಕಮಗಳೂರು

ಬಸವನಹಳ್ಳಿ ಕಡೆ ನನ್ನದೊಂದು ಸಣ್ಣ ಮುದ್ರಣ ಮತ್ತು ವಿನ್ಯಾಸದ ಅಂಗಡಿ. ಮದುವೆ ಕರೆಯೋಲೆ, ಹೋಂಸ್ಟೇ ಫಲಕ, ಚುನಾವಣೆ ಬಂದರೆ ಕರಪತ್ರ. ಈಗ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ತಮ್ಮ ತೋಟದ ಹೆಸರಿನಲ್ಲೇ ಕಾಫಿ ಪುಡಿ ಮಾರಲು ಹೊರಟಿದ್ದಾರೆ. ಪ್ಯಾಕೆಟ್ಟು, ರಸ್ತೆ ಬದಿಯ ಹೋರ್ಡಿಂಗು ಎರಡೂ ನನ್ನ ಪಾಲಿಗೆ ಬಂದಿವೆ.

ಮಾದರಿ ಎಂದು ಅವರು ಕಳುಹಿಸಿದ ಚಿತ್ರ ನೋಡಿ ನಗು ಬಂತು. ಕಂಪ್ಯೂಟರಿನಲ್ಲಿ ಎಐ ಬರೆದ ಚಿತ್ರ. ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದ ಬೆಳ್ಳನೆಯ ಹುಡುಗಿ, ಬೆನ್ನಿಗೆ ಬಿದಿರಿನ ಬುಟ್ಟಿ. ಬೆನ್ನಿಗೆ ಬುಟ್ಟಿ ಹೊರುವುದು ಚಹಾ ಎಲೆ ಕೀಳುವವರು. ನಮ್ಮಲ್ಲಿ ಕಾಫಿ ಹಣ್ಣು ಕೊಯ್ಯುವ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡಿರುತ್ತಾರೆ. ಚಗಳಿ ಇರುವೆಯ ಗೂಡು ಮೈಮೇಲೆ ಉದುರಿದರೆ ಆ ಮಲ್ಲಿಗೆಯವಳ ಗತಿ ಏನಾಗುತ್ತದೆಂದು ಯಂತ್ರಕ್ಕೇನು ಗೊತ್ತು!

ಹಾಗಾಗಿ ಅವರ ತೋಟಕ್ಕೇ ಹೋಗಿ ಫೋಟೊ ತೆಗೆದೆ. ಸಂಜೆ ತೂಕದ ಹೊತ್ತು. ತೋಟದ ಕೂಲಿಯವರ ಲೈನ್ ಮನೆಯ ಹೆಂಗಸೊಬ್ಬರು, ಐವತ್ತರ ಆಸುಪಾಸು, ಮೂಟೆಯ ಪಕ್ಕ ನಿಂತು ಲೆಕ್ಕ ಬರೆಯುವ ರೈಟರು ಕಿಲೋ ಬರೆದುಕೊಳ್ಳುವುದನ್ನೇ ನೋಡುತ್ತಿದ್ದಾರೆ. ಲೆಕ್ಕ ತಪ್ಪಿದರೆ ಬಿಡುವವರಲ್ಲ ಎಂದು ಮುಖವೇ ಹೇಳುತ್ತದೆ. ಕಪ್ಪು ಮೈಬಣ್ಣ. ಎಲ್ಲಿ ಅಚ್ಚಾಗುತ್ತದೆ, ಯಾತಕ್ಕೆ ಎಂದು ಮೊದಲೇ ತಿಳಿಸಿ, ಒಪ್ಪಿಗೆ ಪಡೆದು ತೆಗೆದದ್ದು.

ಬೆಳೆಗಾರರಿಗೆ ಫೋಟೊ ಹಿಡಿಸಿತು. "ಸ್ವಲ್ಪ ಬೆಳ್ಳಗೆ ಮಾಡಿ, ಗಿರಾಕಿ ಕೈಗೆತ್ತಿಕೊಳ್ಳಬೇಕಲ್ಲ" ಎಂದರು. ಈ ಮಾತು ಬಂದೇ ಬರುತ್ತದೆಂದು ಗೊತ್ತಿತ್ತು, ಜಗಳಕ್ಕೂ ಸಿದ್ಧನಾಗಿದ್ದೆ. ಆದರೆ ಆ ಹೆಂಗಸಿಗೆ ಪ್ರತಿ ತೋರಿಸಿದಾಗ ಅವರೂ ಅದನ್ನೇ ಹೇಳಿದರು: "ಬೆಳ್ಳಗೆ ಮಾಡಿಕೊಡಿ ಅಣ್ಣ. ಈ ಅಂಗಿ ಬೇಡ, ಮಗಳ ಮದುವೆಗೆ ತೆಗೆದ ಸೀರೆ ಇದೆ, ಉಟ್ಟುಕೊಂಡು ಬರುತ್ತೇನೆ."

ಹಣ ಕೊಡುವವರಿಗೂ ಬಿಳಿ ಬೇಕು, ಮುಖ ಕೊಡುವವರಿಗೂ ಬಿಳಿ ಬೇಕು. ಬೇಡ ಎನ್ನುತ್ತಿರುವವನು ನಾನೊಬ್ಬನೇ. ನಾನು ಹಟ ಹಿಡಿಯುವುದು ಸರಿಯೇ? ಕೂಲಿಯವರು ಕೂಲಿಯವರಂತೆಯೇ ಕಾಣಲಿ ಎಂದು ಬಯಸಲು ನಾನು ಯಾರು?

ಸಖರಾಯಪಟ್ಟಣ ಸ್ಟುಡಿಯೊ

ಹಟ ಬೇಡ ಸಾರ್. ಮದುವೆ ಆಲ್ಬಂನಲ್ಲಿ ನಾನು ಎಲ್ಲರ ಬಣ್ಣವನ್ನೂ ಏರಿಸಿಯೇ ಕೊಡುವುದು. ಕೊಡದಿದ್ದರೆ ಫೋಟೊ ಕಪ್ಪಾಗಿದೆ ಎಂದು ಬಾಕಿ ಹಣ ಹಿಡಿದುಕೊಳ್ಳುತ್ತಾರೆ. ಮುಖ ಅವರದು, ಇಷ್ಟವೂ ಅವರದು. ಇಲ್ಲವೇ ಸುಲಭದ ದಾರಿ ಒಂದಿದೆ: ಮುಖ ಬಿಟ್ಟು ಕೈ ಮತ್ತು ಕೆಂಪು ಹಣ್ಣು ಮಾತ್ರ ಹಾಕಿ. ಯಾರಿಗೂ ತಕರಾರಿಲ್ಲ.

ಲೈನ್ ಮನೆಯ ಮಗಳು

ನನ್ನ ಅಮ್ಮ ಸಕಲೇಶಪುರದ ಹತ್ತಿರದ ತೋಟದಲ್ಲಿ ಹಣ್ಣು ಕೊಯ್ಯುತ್ತಾರೆ, ನಾನು ಹಾಸನದಲ್ಲಿ ಓದುತ್ತಿದ್ದೇನೆ. ಸ್ಟುಡಿಯೊದವರೇ, ಕೈ ಮಾತ್ರ ಹಾಕಿದರೆ ತಕರಾರಿಲ್ಲ ಎಂದು ನಿಮಗೆ ಹೇಳಿದವರು ಯಾರು? ಹೋಂಸ್ಟೇ ಕರಪತ್ರಗಳಲ್ಲಿ ನಮ್ಮವರದು ಯಾವಾಗಲೂ ಕೈ, ಬೆನ್ನು, ಮಂಜಿನಲ್ಲಿ ಸಾಲಾಗಿ ನಡೆಯುವ ನೆರಳು. ಮುಖ ಇರುವುದು ಮಾಲೀಕರ ಮನೆಯವರಿಗೆ.

ಸೀರೆಯ ವಿಷಯದಲ್ಲಿ ಮಾತ್ರ ಅಚ್ಚುಮನೆಯವರ ಜೊತೆ ನನ್ನ ಜಗಳ. ಬೆಳೆಗಾರರು ಗಮ್‌ಬೂಟು ಹಾಕಿಕೊಂಡು ನಿಂತರೆ ಎಷ್ಟು ಸರಳ ಮನುಷ್ಯ ಎನ್ನುತ್ತಾರೆ. ಅಮ್ಮ ಹರಕು ಅಂಗಿಯಲ್ಲಿ ನಿಂತರೆ ಅಯ್ಯೋ ಪಾಪ ಎನ್ನುತ್ತಾರೆ. ಹಾಗೆ ಅನ್ನಿಸಿಕೊಳ್ಳಲು ಯಾರಿಗೆ ಇಷ್ಟ? ಸೀರೆ ಆ ಹೆಂಗಸಿನದೇ, ದುಡಿದು ಕೊಂಡದ್ದು. ಉಟ್ಟುಕೊಳ್ಳಲಿ ಬಿಡಿ.

ಬಣ್ಣದ ಮಾತು ಬೇರೆ. ಸೀರೆಯನ್ನು ಅವರು ಅಂಗಡಿಯಲ್ಲಿ ನೋಡಿ ಆರಿಸಿದ್ದಾರೆ, ಬಿಳಿಯನ್ನು ಹಾಗೆ ಆರಿಸಿದ್ದಲ್ಲ. ಚಿಕ್ಕಂದಿನಲ್ಲಿ ನನಗೂ ಕಡಲೆಹಿಟ್ಟು, ಅರಿಸಿನ, ಕ್ರೀಮು ಎಲ್ಲವನ್ನೂ ಹಚ್ಚಿ ತಿಕ್ಕಿದ್ದಾರೆ. ಅಮ್ಮನ ಆಸೆಗೆ ಆ ಜಾಹೀರಾತುಗಳ ಪಾಲೇನೂ ಇಲ್ಲವೇ? ನೀವು ಮಾಡುತ್ತಿರುವುದೂ ಜಾಹೀರಾತೇ ಅಲ್ಲವೇ? ಇನ್ನೊಂದು ಪ್ರಶ್ನೆ, ಇದನ್ನು ಇಲ್ಲಿ ಯಾರೂ ಎತ್ತಿಲ್ಲ: ಬೆಂಗಳೂರಿನಿಂದ ಮಾಡೆಲ್ ಬಂದಿದ್ದರೆ ಎಷ್ಟು ಕೊಡುತ್ತಿದ್ದರು? ಇವರಿಗೆ ಎಷ್ಟು?

ಬೇಲೂರು ಕಾಪಿರೈಟರ್

ಬೆಂಗಳೂರಿನ ಏಜೆನ್ಸಿಯಲ್ಲಿ ಸವೆದು ಊರಿಗೆ ಮರಳಿದವನು ನಾನು. ನಿಯಮದ ಕಡೆಯಿಂದ ನೋಡಿದರೆ ನಿಮ್ಮನ್ನು ಹಿಡಿಯುವವರು ಯಾರೂ ಇಲ್ಲ. ಜಾಹೀರಾತು ಮಾನದಂಡ ಮಂಡಳಿ ಆಸ್ಕಿ 1985ರಲ್ಲಿ ಶುರುವಾದದ್ದು, ಉದ್ಯಮದವರೇ ಕಟ್ಟಿಕೊಂಡ ಸ್ವಯಂ ನಿಯಂತ್ರಣ ಸಂಸ್ಥೆ. ಕಪ್ಪು ಬಣ್ಣದವರನ್ನು ಸೋತವರಂತೆ, ದುಃಖಿಗಳಂತೆ ತೋರಿಸಬಾರದು ಎಂದು 2014ರಲ್ಲಿ ಮಾರ್ಗಸೂಚಿ ತಂದಿತು, ಆದರೆ ಅದು ಬಿಳಿಯಾಗಿಸುವ ಕ್ರೀಮುಗಳಿಗೆ. 2022ರಲ್ಲಿ ಬಂದದ್ದು ಹೆಣ್ಣು ಗಂಡಿನ ಸಿದ್ಧಮಾದರಿಗಳ ಬಗ್ಗೆ. ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಕಾಫಿ ಪ್ಯಾಕೆಟ್ಟಿನ ಮೇಲೆ ಸದ್ದಿಲ್ಲದೆ ಬಣ್ಣ ತೆಳುಮಾಡುವುದು ಇದ್ಯಾವುದರ ಬಲೆಗೂ ಬೀಳುವುದಿಲ್ಲ.

ಆದರೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೆ ನ್ಯಾಯ ಸಂದಿತು ಎಂಬ ನಿಮ್ಮ ನಂಬಿಕೆಯನ್ನೂ ಸ್ವಲ್ಪ ಅಲುಗಾಡಿಸುತ್ತೇನೆ. 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೊರೊಥಿಯಾ ಲ್ಯಾಂಗ್ ಬಟಾಣಿ ಕೊಯ್ಲಿನವರ ಶಿಬಿರದಲ್ಲಿ ಕೂಲಿ ತಾಯಿಯೊಬ್ಬಳ ಫೋಟೊ ತೆಗೆದರು. ಜಗತ್ತೆಲ್ಲ ಅಚ್ಚಾಯಿತು. ಆ ತಾಯಿ ಫ್ಲಾರೆನ್ಸ್ ಓವನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಅದರಿಂದ ಆಕೆಗೆ ಒಂದು ಕಾಸೂ ಬಂದಿರಲಿಲ್ಲ, ತೆಗೆಯದಿದ್ದರೇ ಚೆನ್ನಾಗಿತ್ತು ಎಂದು ಆಕೆ ಬೇಸರಪಟ್ಟುಕೊಂಡಳು. ಮುಖವನ್ನು ಬೆಳ್ಳಗೆ ಮಾಡದ ಫೋಟೊ ಅದು. ಮೇಲಿನ ಹುಡುಗಿ ಕೇಳಿದ ಹಣದ ಪ್ರಶ್ನೆಗೆ ಮೊದಲು ಉತ್ತರಿಸಿ.

ಹಳೆಯ ರೈಟರ್

ಈಗ ಕೊಯ್ಲಿಗೆ ಅಸ್ಸಾಂ, ಜಾರ್ಖಂಡ್ ಕಡೆಯವರು ಬಾರದಿದ್ದರೆ ಎಷ್ಟೋ ತೋಟಗಳಲ್ಲಿ ಹಣ್ಣು ಗಿಡದಲ್ಲೇ ಒಣಗುತ್ತದೆ. ಅವರ ಮುಖವನ್ನು ನಾನಂತೂ ಒಂದು ಪ್ಯಾಕೆಟ್ಟಿನ ಮೇಲೂ ನೋಡಿಲ್ಲ. ಮಲೆನಾಡಿನ ಸೊಗಡು ಎಂದು ಬರೆದು ಪಕ್ಕದಲ್ಲಿ ಅಸ್ಸಾಮಿನ ಹುಡುಗನನ್ನು ನಿಲ್ಲಿಸಲು ನಿಮ್ಮ ಬೆಳೆಗಾರರು ಒಪ್ಪುತ್ತಾರೆಯೇ, ಕೇಳಿ ನೋಡಿ. ಮತ್ತೆ, ಫೋಟೊದಲ್ಲಿ ತಕ್ಕಡಿ ಕಾಣುತ್ತಿದ್ದರೆ ಮುಳ್ಳು ಎಲ್ಲಿ ನಿಂತಿದೆ ಎಂದು ಒಮ್ಮೆ ನೋಡಿಕೊಳ್ಳಿ. ಆ ಮೇಜಿನ ಹಿಂದೆ ಕುಳಿತವನ ಮಾತು ಇದು.

ಅಚ್ಚುಮನೆ, ಚಿಕ್ಕಮಗಳೂರು

ತಕ್ಕಡಿ ಕಾಣುವುದಿಲ್ಲ ರೈಟರೇ, ನಿಶ್ಚಿಂತೆಯಿಂದಿರಿ. ಅಸ್ಸಾಮಿನ ಹುಡುಗನ ಮಾತೆತ್ತಿದೆ. ಬೆಳೆಗಾರರು ನಕ್ಕು ಕಾಫಿ ತರಿಸಿದರು, ಅಷ್ಟೇ.

ಭಾನುವಾರ ಸೀರೆಯಲ್ಲೇ ಮತ್ತೊಮ್ಮೆ ತೆಗೆಯುತ್ತಿದ್ದೇನೆ, ಲೈನ್ ಮನೆಯ ಜಗಲಿಯ ಮೇಲೆ. ಹಣ್ಣು ಕೊಯ್ಯುವಂತೆ ನಟಿಸುವುದು ಬೇಡ ಎಂದಿದ್ದೇನೆ. ಸೀರೆಯುಟ್ಟು ಕೊಯ್ಯುವ ಚಿತ್ರವಾದರೆ ಯಂತ್ರದ ಸುಳ್ಳನ್ನೇ ನಾನೂ ಹೇಳಿದಂತಾಗುತ್ತದೆ. ಬಣ್ಣದ ಬಗ್ಗೆ ಆ ಹೆಂಗಸಿನ ಜೊತೆ ಕೂತು ಮಾತಾಡಿದೆ. ಮನೆಯ ಗೋಡೆಗೆ ಅವರು ಕೇಳಿದಷ್ಟು ಬೆಳ್ಳಗಿನ ಪ್ರತಿ ಕಟ್ಟು ಹಾಕಿಸಿ ಕೊಡುತ್ತೇನೆ. ಪ್ಯಾಕೆಟ್ಟಿಗೆ ಇರುವ ಬಣ್ಣವೇ ಹೋಗಲಿ ಎಂದು ಒಪ್ಪಿದರು, ಅರೆಮನಸ್ಸಿನಿಂದ. ಸ್ಟುಡಿಯೊದವರು ನಗಬಹುದು, ಆದರೆ ಆಲ್ಬಂ ಮನೆಯವರಿಗೆ, ಹೋರ್ಡಿಂಗು ಊರಿಗೆ. ಎರಡೂ ಒಂದೇ ಎಂದು ನಾನು ಒಪ್ಪಲಾರೆ.

ಬೆಳೆಗಾರರು ಇನ್ನೂ ಒಪ್ಪಿಲ್ಲ. ತೀರಾ ಜಗ್ಗಿದರೆ ಯಂತ್ರದ ಹುಡುಗಿಯನ್ನೇ ಹಾಕುತ್ತಾರಂತೆ, ಆಗ ಆ ಹೆಂಗಸಿಗೆ ಬರುವ ಹಣವೂ ಇಲ್ಲ. ಒಂದು ದಿನದ ಕೂಲಿ ಕೊಟ್ಟರಾಯಿತಲ್ಲ ಎಂದವರು ಈಗ ಮಾಡೆಲ್ ದರದ ಅರ್ಧಕ್ಕೆ ಬಂದಿದ್ದಾರೆ. ಚೌಕಾಸಿ ನಡೆದಿದೆ.

ಫೋಟೊ ಎಲ್ಲೆಲ್ಲಿ, ಎಷ್ಟು ವರ್ಷ ಬಳಸಬಹುದು, ಅವಧಿ ಮುಗಿದ ಮೇಲೆ ಮತ್ತೆಷ್ಟು ಕೊಡಬೇಕು ಎಂದು ಕನ್ನಡದಲ್ಲಿ ಬರೆದ ಕರಾರು ಪತ್ರದ ನಮೂನೆ ಯಾರ ಬಳಿಯಾದರೂ ಇದ್ದರೆ ಇಲ್ಲಿ ಹಾಕಿ. ನನ್ನ ಬಳಿ ಇರುವುದು ಇಂಗ್ಲಿಷಿನದು. ಅದನ್ನು ಓದದೆ ಸಹಿ ಹಾಕುವುದಿಲ್ಲ ಎಂದು ಆ ಹೆಂಗಸು ಹೇಳಿಬಿಟ್ಟಿದ್ದಾರೆ.