ಪ್ರಾಚೀನ ಚೀನೀ ಭಾಷೆಯ ಪೇಪರ್: ಅನುವಾದಕ್ಕೆ ಅಂಕ ಹಾಕೋದು ಹೆಂಗ?

ಸಾಧನಕೇರಿ, ಧಾರವಾಡ:
ಎಂಟು ವಿದ್ಯಾರ್ಥಿಗಳ ತರಗತಿ, 100 ಅಂಕದ ಪೇಪರ್. ಓದಿಸಿದ ಪಾಠಕ್ಕೆ 40, ಓದಿಸದ ಭಾಗಕ್ಕೆ 40, ವಿರಾಮಚಿಹ್ನೆ ಇಲ್ಲದ ಪಠ್ಯ ಬಿಡಿಸೋದಕ್ಕೆ 20. ಒಂದೇ ಉತ್ತರಕ್ಕೆ ಇಬ್ಬರು ಪರೀಕ್ಷಕರು 5ಕ್ಕೆ 2 ಮತ್ತು 4 ಹಾಕ್ಯಾರ. ವಾಕ್ಯ ಕನ್‌ಫ್ಯೂಷಿಯಸ್‌ನ ಮಾತುಗಳ ಸಂಗ್ರಹ ‘ಲುನ್ ಯು’ 2ನೇ ಅಧ್ಯಾಯದ 11ನೆಯದು: ವೆನ್ ಗು ಅರ್ ಜಿ ಶಿನ್, ಕೆ ಇ ವೆಯ್ ಶಿ ಇ. ವಿದ್ಯಾರ್ಥಿ ಬರೆದದ್ದು: ‘ಹಳೆಯದನ್ನು ಬಿಸಿ ಮಾಡಿ ಹೊಸದನ್ನು ತಿಳಿದವನು ಗುರು ಆಗಬಹುದು’. ಎಷ್ಟು ಕೊಡಬೇಕ್ರಿ?

ಉಣಕಲ್, ಹುಬ್ಬಳ್ಳಿ:
ಕೀ ಉತ್ತರ ಮೊದಲೇ ಒಡೆದು ಇಟ್ಟುಕೊಳ್ರಿ, ಇಲ್ಲಾಂದ್ರ ಇಬ್ಬರೂ ತಮ್ಮ ಕಿವಿಗೆ ಹಿತವಾದದ್ದಕ್ಕೇ ಅಂಕ ಹಾಕ್ತಾರ. ಈ ವಾಕ್ಯಕ್ಕ ‘ವೆನ್’ (ಅಕ್ಷರಶಃ ಬಿಸಿ ಮಾಡು, ಇಲ್ಲಿ ಮೆಲುಕು ಹಾಕು) 1, ಎರಡು ಕ್ರಿಯೆ ಜೋಡಿಸೋ ‘ಅರ್’ 1, ‘ಕೆ ಇ’ 1, ‘ವೆಯ್’ (ಆಗು) 1, ಕನ್ನಡ ವಾಕ್ಯ ನಿಲ್ಲೋದಕ್ಕ 1. ಈಗಿನ ಚೀನೀಯೊಳಗ ‘ಕೆ ಇ’ ಒಂದೇ ಪದ, ‘ಬಹುದು’ ಅಂತ. ಪ್ರಾಚೀನ ಭಾಷೆಯೊಳಗ ಎರಡು: ‘ಇ’ ಅಂದ್ರ ‘ಇದರಿಂದ’. ಅದು ಬಿಟ್ಟುಹೋಗ್ಯಾದ, 1 ಕಡಿತ. ನನ್ನ ಲೆಕ್ಕದಾಗ 4. ವಾಕ್ಯಕ್ಕ 1ಕ್ಕಿಂತ ಹೆಚ್ಚು ಅಂತರ ಬಂದ್ರ ಮೂರನೆಯವರಿಗೆ ಕೊಡ್ರಿ, ಸರಾಸರಿ ಹಾಕಬ್ಯಾಡ್ರಿ.

ಇಂಥ ಬಲೆ ಇನ್ನೂ ಅದಾವ. ‘ತ್ಸೌ’ ಇವತ್ತು ನಡೆಯೋದು, ಆಗ ಓಡೋದು. ‘ಚೀ ತ್ಸ’ ಇವತ್ತು ಹೆಂಡತಿ, ಆಗ ಹೆಂಡತಿ ಮಕ್ಕಳು. ಆಧುನಿಕ ಚೀನೀ ಬಲ್ಲವರೇ ಇಲ್ಲಿ ಜಾಸ್ತಿ ಎಡವೋದು.

ವೀರನಾರಾಯಣ, ಗದಗ:
‘ಬಿಸಿ ಮಾಡಿ’ ಅಂದಿದ್ದಕ್ಕ ನಗಬ್ಯಾಡ್ರಿ. ಇದೇ ಮಾತು ‘ಝೊಂಗ್ ಯೊಂಗ್’ ಅನ್ನೋ ಇನ್ನೊಂದು ಹಳೆಯ ಗ್ರಂಥದಲ್ಲೂ ಬರ್ತದ, ಅಲ್ಲಿ ಹಳೆಯ ಟೀಕಾಕಾರ ಝೆಂಗ್ ಶುವಾನ್ ಬಿಸಿ ಮಾಡೋ ಅರ್ಥದಿಂದಲೇ ವಿವರಿಸ್ತಾನ. ಅವನ ನಂತರದ ಟೀಕಾಕಾರ ಝು ಶಿ ‘ಎಳೆ ಬಿಡಿಸಿ ಹುಡುಕೋದು’ ಅಂತಾನ. ಆದ್ರ ಬರೀ ‘ಬಿಸಿ ಮಾಡಿ’ ಅಂದ್ರ ಕನ್ನಡದಾಗ ಅರ್ಥ ಪೂರ್ತಿ ಬರೋದಿಲ್ಲ. ಅದಕ್ಕ ಅರ್ಧ ಅಂಕ, ಒಟ್ಟು ಮೂರೂವರೆ.

‘ತಿಳಿದವನು’ ಅಂದಿದ್ದಕ್ಕ ಮಾತ್ರ ಕಡಿತ ಬ್ಯಾಡ. ಮೂಲದೊಳಗ ಕರ್ತೃವೇ ಇಲ್ಲ, ಲಿಂಗವಿಲ್ಲ, ಕಾಲವಿಲ್ಲ. ಕನ್ನಡ ಕ್ರಿಯಾಪದಕ್ಕ ಸಾಮಾನ್ಯವಾಗಿ ಇವು ಬೇಕಾಗ್ತಾವ, ವಿದ್ಯಾರ್ಥಿ ಏನರ ಆರಿಸಲೇಬೇಕು. ‘ತಿಳಿದವರು’, ‘ತಿಳಿದರೆ’ ಎಲ್ಲಾ ನಡೀತದ. ಪ್ರಸಂಗಕ್ಕ ವಿರುದ್ಧ ಹೋದ್ರಷ್ಟೇ ತಪ್ಪು.

ಹಾವೇರಿ ಓದುಗ:
ಎಂಟೇ ಮಂದಿಯ ಸರಾಸರಿಯಿಂದ ಏನೂ ತಿಳಿಯೋದಿಲ್ಲ. ಪ್ರಶ್ನೆವಾರು ತಖ್ತೆ ಹಾಕ್ರಿ. ಓದಿಸಿದ ಪಾಠದಾಗ 36 ತಗೊಂಡವರು ಓದಿಸದ ಭಾಗದಾಗ 12ಕ್ಕ ನಿಂತಿದ್ರ ಬಾಯಿಪಾಠದ ಅನುಮಾನ. ಉತ್ತರದಾಗೂ ಗುರುತು ಸಿಗ್ತದ: ‘ಜುನ್ ತ್ಸ’ (ಸಜ್ಜನ) ಬಂದಲ್ಲೆಲ್ಲ ‘ಮೇಲ್ದರ್ಜೆಯ ಮನುಷ್ಯ’ ಅಂತ ಬರೆದಿದ್ರ ಅದು ಚೀನೀಯಿಂದ ಬಂದದ್ದಲ್ಲ, 19ನೇ ಶತಮಾನದ ಅನುವಾದಕ ಜೇಮ್ಸ್ ಲೆಗ್‌ನ ಇಂಗ್ಲಿಷಿನಿಂದ ಇಳಿದದ್ದು. ಅನುಮಾನ ಬಂದ್ರ ಅಂಕ ಕಡಿಯಬ್ಯಾಡ್ರಿ, ಮುಂದಿನ ಪೇಪರ್‌ನಾಗ ಅದೇ ಪಾಠದ ನಾಲ್ಕು ಅಕ್ಷರಕ್ಕ ಗೆರೆ ಎಳೆದು ವ್ಯಾಕರಣ ಕೇಳ್ರಿ.

ವಿರಾಮದ 20 ಅಂಕದ್ದೂ ಒಂದು ಮಾತು. ಒಂದು ಕಡೆ ತಪ್ಪಿ ತುಂಡು ಮಾಡಿದ್ರ ಪಕ್ಕದ್ದೂ ತಪ್ಪಾಗ್ತದ. ಒಂದೇ ತಪ್ಪಿಗೆ ಎರಡು ಸಲ ಕಡೀಬ್ಯಾಡ್ರಿ. ಸಾಲಿನ ಕೊನೆಗೆ ‘ಯೆ’, ‘ಇ’ (ವಾಕ್ಯ ಮುಗಿಸೋ ಪದಗಳು; ‘ಕೆ ಇ’ಯ ‘ಇ’ ಬ್ಯಾರೆ) ಬಂದಲ್ಲೆಲ್ಲ ಕಣ್ಣುಮುಚ್ಚಿ ಪೂರ್ಣವಿರಾಮ ಹಾಕಿದವರನ್ನ ಹಿಡಿಯೋದಕ್ಕ, ‘ಯೆ’ ವಾಕ್ಯದ ನಡುವೆ ಬರೋ ಭಾಗವನ್ನ ಆರಿಸ್ರಿ.