‘ಸರಿಪಡಿಸುವ ಕ್ರಮ’ ಅಂದರೆ ಯಾವುದು? ಐಎಸ್‌ಒ ಫಾರ್ಮ್‌ಗಳಿಗೆ ಕನ್ನಡ ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ನಾನು ಪೀಣ್ಯದ ಒಂದು ಸಣ್ಣ ಮೆಷಿನಿಂಗ್ ಘಟಕದಲ್ಲಿ ಕ್ವಾಲಿಟಿ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಐಎಸ್‌ಒ 9001 ಪ್ರಮಾಣಪತ್ರ ಇದೆ, ಅಂದರೆ ಗುಣಮಟ್ಟ ಕಾಯುವ ವ್ಯವಸ್ಥೆ ಹೇಗಿರಬೇಕು ಎಂದು ಹೇಳುವ ಅಂತರರಾಷ್ಟ್ರೀಯ ಮಾನಕದ್ದು. ಅದಕ್ಕೆ ಸಂಬಂಧಪಟ್ಟ ಫಾರ್ಮ್‌ಗಳನ್ನು ಒಂದೊಂದಾಗಿ ಕನ್ನಡಕ್ಕೆ ತರುತ್ತಿದ್ದೇನೆ. ದಾಖಲೆಗಳು ಇಂಗ್ಲಿಷಿನಲ್ಲೇ ಇರಬೇಕು ಎಂದು ಐಎಸ್‌ಒ 9001 ಎಲ್ಲೂ ಹೇಳುವುದಿಲ್ಲ. ಓದುವವರಿಗೆ ಹೊಂದುವ ಭಾಷೆಯನ್ನು ಸಂಸ್ಥೆಯೇ ಆರಿಸಿಕೊಳ್ಳಬಹುದು. ನಮ್ಮ ಫಾರ್ಮ್ ತುಂಬುವವರು ಲೇತ್ ಮುಂದೆ ನಿಂತು ಕೆಲಸ ಮಾಡುವವರು. ಹಾಗಾಗಿ ಕನ್ನಡವೇ ಸರಿ ಅನ್ನಿಸಿತು.

ಸಿಕ್ಕು ಬಿದ್ದಿರುವುದು ಒಂದು ಕಾಲಂನಲ್ಲಿ.

ಹೋದ ವರ್ಷ ಒಂದು ಬ್ಯಾಚ್‌ನಲ್ಲಿ 40 ಪೀಸ್‌ಗಳ ಬೋರ್, ಅಂದರೆ ಕೊರೆದ ತೂತು, ಚಿಕ್ಕದಾಗಿ ಬಂತು. ತೂತಿನ ಅಳತೆ ನೋಡುವ ಗೋ ಗೇಜ್ ಒಳಗೆ ಹೋಗುತ್ತಲೇ ಇರಲಿಲ್ಲ. ನಮ್ಮ ಆಪರೇಟರ್ ಎಲ್ಲವನ್ನೂ ಮತ್ತೆ ಮೆಷಿನ್‌ಗೆ ಹಾಕಿ ಅಳತೆಗೆ ತಂದರು. ಫಾರ್ಮ್‌ನಲ್ಲಿ ಕರೆಕ್ಟಿವ್ ಆಕ್ಷನ್ ಎಂಬುದಕ್ಕೆ ‘ಸರಿಪಡಿಸುವ ಕ್ರಮ’ ಎಂಬ ಕಾಲಂ ಇತ್ತು. ಅಲ್ಲಿ ‘ಮತ್ತೆ ಬೋರ್ ಮಾಡಿ ಸರಿ ಮಾಡಿದೆ’ ಎಂದು ಬರೆದರು. ಆಡಿಟರ್ ಬಂದಾಗ ಅದೇ ಸಾಲಿನ ಮೇಲೆ ಬೆರಳಿಟ್ಟು ಮೈನರ್ ಎನ್‌ಸಿ (ನಾನ್‌ಕನ್ಫಾರ್ಮಿಟಿ, ಅಂದರೆ ಮಾನಕಕ್ಕೆ ಹೊಂದಿಲ್ಲ ಎಂಬ ಟಿಪ್ಪಣಿ) ಹಾಕಿದರು. ತೊಂದರೆ ಯಾಕೆ ಬಂತು ಎಂದು ಹುಡುಕಿಲ್ಲ, ನಾಳೆ ಮತ್ತೆ ಬರದ ಹಾಗೆ ಏನೂ ಮಾಡಿಲ್ಲ ಎಂಬುದು ಅವರ ಮಾತು. ಆಮೇಲೆ ಹುಡುಕಿದಾಗ ಗೊತ್ತಾಯಿತು, ಟೂಲ್‌ನ ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ತುದಿ, ಸವೆದಿತ್ತು. ಎಷ್ಟು ಪೀಸ್ ಆದ ಮೇಲೆ ಇನ್ಸರ್ಟ್ ಬದಲಿಸಬೇಕು ಎಂದು ನಾವು ಎಲ್ಲೂ ಬರೆದಿರಲಿಲ್ಲ.

ಆಡಿಟರ್ ಹೇಳಿದ್ದು ಸರಿ. ಆದರೆ ಆಪರೇಟರ್ ಬರೆದದ್ದರಲ್ಲೂ ನನಗೆ ತಪ್ಪು ಕಾಣುವುದಿಲ್ಲ. ಕನ್ನಡದಲ್ಲಿ ಸರಿಪಡಿಸು ಅಂದರೆ ಕೆಟ್ಟಿದ್ದನ್ನು ಸರಿ ಮಾಡು ಅಂತಲೇ ಅಲ್ವಾ? ಅವರು ಅದನ್ನೇ ಮಾಡಿದ್ದರು, ಅದನ್ನೇ ಬರೆದಿದ್ದರು. ತಪ್ಪು ಇದ್ದದ್ದು ಕಾಲಂನ ಹೆಸರಿನಲ್ಲಿ.

ಐಎಸ್‌ಒ ಪದಗಳ ಅರ್ಥ ಹೇಳುವುದಕ್ಕೆಂದೇ ಐಎಸ್‌ಒ 9000 ಎಂಬ ಬೇರೆ ಮಾನಕ ಇದೆ. ಅದರಲ್ಲಿ ಕರೆಕ್ಷನ್ ಬೇರೆ, ಕರೆಕ್ಟಿವ್ ಆಕ್ಷನ್ ಬೇರೆ. ಕಂಡ ದೋಷವನ್ನು ಹೋಗಲಾಡಿಸುವುದು ಮೊದಲನೆಯದು. ದೋಷದ ಕಾರಣವನ್ನೇ ತೆಗೆದು, ಅದು ಮರುಕಳಿಸದಂತೆ ಮಾಡುವುದು ಎರಡನೆಯದು. ನಮ್ಮ ವಿಷಯದಲ್ಲಿ ಮತ್ತೆ ಬೋರ್ ಮಾಡಿದ್ದು ಕರೆಕ್ಷನ್. ಇಷ್ಟು ಪೀಸ್‌ಗೆ ಒಮ್ಮೆ ಇನ್ಸರ್ಟ್ ಬದಲಿಸಬೇಕು ಎಂದು ಲೆಕ್ಕ ಕಟ್ಟಿ, ಮೆಷಿನ್ ಪಕ್ಕದಲ್ಲಿ ಬರೆದು ಹಾಕಿದ್ದು ಕರೆಕ್ಟಿವ್ ಆಕ್ಷನ್. ಇಂಗ್ಲಿಷಿನಲ್ಲೂ ಎರಡು ಪದ ಒಂದೇ ಬೇರಿನಿಂದ ಬಂದಿವೆ. ಅಲ್ಲೂ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕನ್ನಡಕ್ಕೆ ತರುವಾಗ ಆ ಗೊಂದಲವನ್ನೂ ಹೊತ್ತು ತರಬೇಕಾಗಿಲ್ಲ ಅನ್ನುವುದು ನನ್ನ ಆಸೆ.

ಮಲೆನಾಡಿನ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಮನೆ ಸೋರಿದರೆ ಕೆಳಗೆ ಪಾತ್ರೆ ಇಟ್ಟು ನೆಲ ಒರೆಸುತ್ತೇವೆ. ಆಮೇಲೆ ಮೇಲೆ ಹತ್ತಿ ಒಡೆದ ಹೆಂಚು ಬದಲಿಸುತ್ತೇವೆ. ಈ ಎರಡು ಕೆಲಸಕ್ಕೂ ಒಂದೇ ಹೆಸರು ಇಟ್ಟರೆ ಹೇಗೆ? ಮಳೆಗಾಲ ಶುರುವಾಗುವ ಮೊದಲೇ ಹೆಂಚು ಕೈಯಾಡಿಸುವುದು ಮೂರನೆಯ ಕೆಲಸ. ಅದಕ್ಕೂ ಐಎಸ್‌ಒ 9001ರಲ್ಲಿ ಪ್ರಿವೆಂಟಿವ್ ಆಕ್ಷನ್ ಎಂಬ ಬೇರೆ ಭಾಗವೇ ಇತ್ತು. 2015ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಟ್ಟು, ಏನೇನು ಎಡವಟ್ಟಾಗಬಹುದು ಎಂದು ಮುಂಚೆಯೇ ಯೋಚಿಸುವುದನ್ನು ಎಲ್ಲ ಕೆಲಸದಲ್ಲೂ ಬೆರೆಸಿದರು. ಹಾಗಾಗಿ ‘ಮುನ್ನೆಚ್ಚರಿಕೆ ಕ್ರಮ’ ಎಂಬ ಪದವನ್ನು ಕರೆಕ್ಟಿವ್ ಆಕ್ಷನ್ ಕಾಲಂಗೆ ಹಾಕುವುದು ಬೇಡ ಅನ್ನಿಸುತ್ತದೆ. ಅದು ತೊಂದರೆ ಬರುವ ಮೊದಲಿನ ಮಾತು.

ಸದ್ಯಕ್ಕೆ ನಾನು ಹೀಗೆ ಬರೆದುಕೊಂಡಿದ್ದೇನೆ: ಕರೆಕ್ಷನ್‌ಗೆ ‘ತಕ್ಷಣ ತಿದ್ದಿದ್ದು’, ಕರೆಕ್ಟಿವ್ ಆಕ್ಷನ್‌ಗೆ ‘ಮತ್ತೆ ಬರದಂತೆ ಮಾಡಿದ್ದು’. ಎರಡೂ ಆಡುಮಾತಿನಂತಿವೆ, ನಿಜ. ಆದರೆ ಶಿಫ್ಟ್ ಮುಗಿಸಿ ಹೊರಡುವ ಮನುಷ್ಯ ಓದಿದ ಕೂಡಲೇ ಏನು ಬರೆಯಬೇಕು ಎಂದು ತಿಳಿಯುತ್ತದೆ. ‘ನಿವಾರಣಾತ್ಮಕ ಕ್ರಮ’ ಎಂದು ಒಬ್ಬರು ಸೂಚಿಸಿದರು. ಅದನ್ನು ಓದಿದವರು ಪೆನ್ನು ಕೆಳಗಿಟ್ಟು ನನ್ನನ್ನು ಕೇಳಲು ಬರುತ್ತಾರೆ.

ಇನ್ನೊಂದು ಪದದ ಬಗ್ಗೆಯೂ ಕೇಳಬೇಕು, ಮಾನ್ಯತೆ. ಪತ್ರಿಕೆಗಳಲ್ಲಿ ‘ಐಎಸ್‌ಒ ಮಾನ್ಯತೆ ಸಿಕ್ಕಿದೆ’ ಎಂದು ಬರೆಯುವುದು ಜಾಸ್ತಿ. ಇದನ್ನು ಓದಿದವರು ಜಿನೀವಾದಲ್ಲಿರುವ ಐಎಸ್‌ಒ ಸಂಸ್ಥೆಯೇ ಬಂದು ನೋಡಿ ಮಾನ್ಯತೆ ಕೊಟ್ಟಿತು ಎಂದುಕೊಳ್ಳುತ್ತಾರೆ. ಐಎಸ್‌ಒ ಮಾನಕ ಬರೆಯುತ್ತದೆ, ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವುದು ಬೇರೆ ಸಂಸ್ಥೆಗಳು. ನಾವು ನಮ್ಮದೇ ಒಳ ಆಡಿಟ್ ಮಾಡಿಕೊಂಡು, ಆಡಳಿತದವರ ಜೊತೆ ಪರಿಶೀಲನಾ ಸಭೆ ಮುಗಿಸಿ, ಅಂಥ ಒಂದು ಸಂಸ್ಥೆಯನ್ನು ಕರೆಯುತ್ತೇವೆ. ಅವರು ಎರಡು ಹಂತದಲ್ಲಿ ಆಡಿಟ್ ಮಾಡುತ್ತಾರೆ. ಮೊದಲ ಹಂತದಲ್ಲಿ ದಾಖಲೆ, ತಯಾರಿ ಸಾಕಾಗಿದೆಯಾ ಎಂದು ನೋಡುತ್ತಾರೆ. ಎರಡನೆಯದರಲ್ಲಿ ಬರೆದಂತೆ ನಡೆಯುತ್ತಿದೆಯಾ ಎಂದು ಶಾಪ್‌ ಫ್ಲೋರ್‌ಗೇ ಬಂದು ನೋಡುತ್ತಾರೆ. ಎನ್‌ಸಿ ಬಿದ್ದರೆ ಉತ್ತರ ಕೊಡಬೇಕು. ಪ್ರಮಾಣಪತ್ರ ಮೂರು ವರ್ಷಕ್ಕೆ. ನಡುವೆ ವರ್ಷಕ್ಕೊಮ್ಮೆ, ಎಲ್ಲ ಸರಿಯಾಗಿ ಮುಂದುವರಿದಿದೆಯಾ ಎಂದು ನೋಡುವ ಸರ್ವೇಲೆನ್ಸ್ ಆಡಿಟ್ ಇರುತ್ತದೆ.

ಹಾಗೆ ಪ್ರಮಾಣಪತ್ರ ಕೊಡುವವರ ಯೋಗ್ಯತೆಯನ್ನು ನೋಡುವವರು ಯಾರು? ನಮ್ಮ ದೇಶದಲ್ಲಿ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಕೆಳಗಿರುವ ಎನ್‌ಎಬಿಸಿಬಿ. ಅದು ಕೊಡುವುದು ಅಕ್ರೆಡಿಟೇಶನ್. ಶಾಲೆಯ ಉದಾಹರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಸರ್ಕಾರ ಮಾನ್ಯತೆ ಕೊಡುವುದು ಶಾಲೆಗೆ. ಪರೀಕ್ಷೆ ಪಾಸಾದ ಮಗುವಿಗೆ ಸಿಗುವುದು ಪ್ರಮಾಣಪತ್ರ. ಮಗುವಿಗೆ ಮಾನ್ಯತೆ ಸಿಕ್ಕಿತು ಎಂದು ಯಾರೂ ಹೇಳುವುದಿಲ್ಲ. ಅದೇ ರೀತಿ ಅಕ್ರೆಡಿಟೇಶನ್‌ಗೆ ಮಾತ್ರ ಮಾನ್ಯತೆ, ನಮ್ಮಂಥ ಘಟಕಕ್ಕೆ ಸಿಗುವುದಕ್ಕೆ ಪ್ರಮಾಣಪತ್ರ ಎಂದು ಗಟ್ಟಿಯಾಗಿ ಬಳಸಿದರೆ ಒಳ್ಳೆಯದು. ಇದು ಸುಮ್ನೆ ಪದದ ಹಟ ಅಲ್ಲ. ಯಾವ ಮಾನ್ಯತೆಯೂ ಇಲ್ಲದವರು ಆಡಿಟ್ ಕೂಡ ಮಾಡದೆ ಕಾಗದ ಕೊಡುವುದುಂಟು. ‘ಪ್ರಮಾಣಪತ್ರ ಕೊಡುವ ನಿಮಗೆ ಮಾನ್ಯತೆ ಕೊಟ್ಟವರು ಯಾರು?’ ಎಂದು ಕೇಳಬೇಕಾದರೆ ಎರಡು ಪದ ಬೇರೆ ಬೇರೆ ಇರಲೇಬೇಕು.

ಆಡಿಟ್ ಪದವನ್ನು ಹಾಗೇ ಬಿಟ್ಟಿದ್ದೇನೆ. ಲೆಕ್ಕಪರಿಶೋಧನೆ ಎಂದರೆ ಹಣದ ಲೆಕ್ಕ ಅನ್ನಿಸುತ್ತದೆ. ತಪಾಸಣೆ ಎಂಬುದನ್ನು ಪೀಸ್ ಅಳೆದು ನೋಡುವುದಕ್ಕೆ ಆಗಲೇ ಬಳಸುತ್ತಿದ್ದೇವೆ.

ಎನ್‌ಸಿಗೆ ಮಾತ್ರ ಇನ್ನೂ ಏನೂ ಹೊಳೆದಿಲ್ಲ. ಇರಬೇಕಾದದ್ದು ಇರಬೇಕಾದಂತೆ ಇಲ್ಲ ಎಂಬುದು ಅದರ ಅರ್ಥ. ಲೋಪ ಎಂದರೆ ಯಾರೋ ತಪ್ಪು ಮಾಡಿದರು ಎಂಬ ಆರೋಪ ಬರುತ್ತದೆ, ಜನ ಬರೆಯಲು ಹೆದರುತ್ತಾರೆ. ಕೊರತೆ ಎಂದರೆ ಸಾಮಾನು ಸಾಲದು ಎಂಬ ಅರ್ಥ ಬರುತ್ತದೆ. ನಿಮ್ಮ ಊರಿನ ಕಡೆ, ನಿಮ್ಮ ಕಸುಬಿನಲ್ಲಿ, ದೂರು ಹೊರಿಸದೆ ‘ಇದು ಹೊಂದಿಲ್ಲ’ ಎಂದು ಹೇಳುವ ಪದ ಇದೆಯೇ? ಬಡಗಿಗಳು, ನೇಕಾರರು, ಗಾರೆ ಕೆಲಸದವರು ಆಡುವ ಮಾತಾದರೂ ಸರಿ. ಮುಂದಿನ ತಿಂಗಳು ನಮ್ಮ ಸರ್ವೇಲೆನ್ಸ್ ಆಡಿಟ್ ಇದೆ. ಅದಕ್ಕೂ ಮೊದಲು ಹೊಸ ಫಾರ್ಮ್‌ಗಳನ್ನು ಅಚ್ಚಿಗೆ ಕೊಡಬೇಕು.